ಕೊಯಮತ್ತೂರಿನ ಕನ್ನಡ ಬೀರು

ಟಣ್...

ಮಧ್ಯರಾತ್ರಿ ಮೊಬೈಲ್ ಸದ್ದಿಗೆ ಪ್ರೇರಣಾ ಬೆಚ್ಚಿದಳು. ಭೂಪತಿಯ ಧ್ವನಿಸಂದೇಶ.

“ಪ್ರೇರಣಾ, ನಾಳೆ ಲೈಬ್ರರಿಗೆ ಬರಬೇಡಿಂಗ...”

ಅಷ್ಟೇ. ಏನಾಯಿತು ಇವನಿಗೆ? ನನ್ನನ್ನು ನೋಡುವುದೇ ಬೇಡವಾಯಿತೇ?

ಬೆಳಗಾಗುತ್ತಲೇ ಗ್ರಂಥಾಲಯಕ್ಕೆ ಬಸ್ಸು ಹತ್ತಿದಳು. ದಾವಣಗೆರೆಯಿಂದ ಕೊಯಮತ್ತೂರಿನ ಪಂಪ್ ಕಾರ್ಖಾನೆಗೆ ಕೆಲಸಕ್ಕೆ ಬಂದಿದ್ದ ಅವಳಿಗೆ, ನಗರದ ಹಳೆಯ ಗ್ರಂಥಾಲಯದಲ್ಲಿ ಒಂದು ಬೀರು ತುಂಬ ಕನ್ನಡ ಪುಸ್ತಕ ತೋರಿಸಿದವನು ಅಲ್ಲಿನ ಸಹಾಯಕ ಭೂಪತಿ. ನೇಯ್ಗೆಗೆಂದು ಈ ಕಡೆ ನೆಲೆಸಿದ ಕನ್ನಡದ ಮನೆಗಳು ಹಿಂದೆಂದೋ ಕೊಟ್ಟ ಪುಸ್ತಕಗಳು.

“ನಮ್ಮ ಸೋಮನೂರು ಮುತ್ತಾತ ಕೊಟ್ಟದ್ದೂ ಇದರಲ್ಲೇ ಇರೋದು!” ಎಂದಿದ್ದ.

“ಹೌದಾ! ಯಾವುದು?”

“ನೀವೇ ಹುಡುಕುಂಗ,” ಎಂದು ನಕ್ಕಿದ್ದ. ಆ ನಗುವಿಗೇ ಅವಳು ಸೋತಿದ್ದಳು.

ಈಗ ಗ್ರಂಥಾಲಯ ಹೊಸ ಕಟ್ಟಡಕ್ಕೆ ಹೊರಟಿತ್ತು. ಕನ್ನಡದವನ್ನು ಉಳಿಸಿಕೊಂಡು, ಅದೇ ಬೀರುವಿನಲ್ಲಿ ಬೆರೆತಿದ್ದ ತೆಲುಗು ಪುಸ್ತಕಗಳ ಹೆಚ್ಚುವರಿ ಪ್ರತಿಗಳನ್ನು ರದ್ದಿಗೆ ಹಾಕಬೇಕಿತ್ತು. ವಿಂಗಡಿಸಲು ಪ್ರೇರಣಾ ಒಪ್ಪಿಕೊಂಡಿದ್ದಳು. ಅಷ್ಟರಲ್ಲಿ ಜ್ವರ. “ನೀವೇ ಮುಗಿಸಿಬಿಡಿ,” ಎಂದು ಭೂಪತಿಗೆ ಫೋನಿನಲ್ಲಿ ಹೇಳಿದ್ದಳು.

ಗ್ರಂಥಾಲಯ ತಲುಪಿ ಬೀರು ತೆರೆದಳು. ಎಲ್ಲವೂ ತೆಲುಗು!

“ಕನ್ನಡದವು ಎಲ್ಲಿ?”

ಭೂಪತಿ ತಲೆ ಎತ್ತಲಿಲ್ಲ. “ಪೇಪರ್ ಮಿಲ್ಲಿಗೆ ಹೋಯ್ತು. ನಿನ್ನೆ ಒಬ್ಬರು ತೆಲುಗಿನವರು ಬೀರು ನೋಡಿ ಹೇಳಿದ್ರು. ಓಡಿದೆಂಗ... ಎಲ್ಲಾ ಅರೆದಾಗಿತ್ತು.”

“ಬೇಕಂತಲೇ ಮಾಡಿದಿರಾ? ಅಷ್ಟೊಂದು ತಾತ್ಸಾರವಾ?”

“ಅಯ್ಯೋ, ಇಲ್ಲಂಗ! ನನಗೆ... ಆ ಎಳುತ್ತು, ಅಕ್ಷರ ಓದಕ್ಕೆ ಬರಾದಿಲ್ಲ. ಕನ್ನಡ ತೆಲುಗು ಎರಡೂ ಒಂದೇ ತರ ಕಾಣ್ತದೆ. ಮನೇಲಿ ಬರೀ ಮಾತು ಮಟ್ಟುಂ ಕನ್ನಡ, ಸ್ಕೂಲೆಲ್ಲ ತಮಿಳು. ನೀವು ನಗ್ತೀರಿ ಅಂತ ಹೇಳ್ಲಿಲ್ಲ.”

ಮುತ್ತಾತನ ಪುಸ್ತಕವನ್ನು ಅವನೇಕೆ ತೋರಿಸಿರಲಿಲ್ಲ ಎಂದು ಅವಳಿಗೆ ಈಗ ತಿಳಿಯಿತು. ಅದನ್ನೂ ಅವನ ಕೈಯೇ ಚೀಲಕ್ಕೆ ತುಂಬಿತ್ತು...

ಗ್ರಂಥಪಾಲಕಿ ರುಕ್ಮಣಿ ಬಿರಬಿರನೆ ಬಂದರು. “ಯಾರಪ್ಪಾ ವಿಂಗಡಿಸಿದ್ದು? ಮೇಲಿನವರಿಗೆ ನಾನು ಉತ್ತರ ಕೊಡಬೇಕು!”

ಭೂಪತಿ ಬಾಯಿ ತೆರೆದ. ಹೇಳಿದರೆ ಅವನ ಕೆಲಸ ಹೋಗುತ್ತದೆ!

“ನಾನು ಒಪ್ಪಿಕೊಂಡ ಕೆಲಸ ಮೇಡಂ,” ಪ್ರೇರಣಾ ಮುಂದೆ ಬಂದಳು. “ತಪ್ಪು ನನ್ನದು.”

“ಕನ್ನಡದವಳಾಗಿ ನೀನೇ ಹೀಗೆ ಮಾಡೋದಾಮ್ಮಾ? ಇನ್ನು ಈ ಕಡೆ ಬರಬೇಡ!”

ಗೇಟಿನ ಹೊರಗೆ ಭೂಪತಿ ಓಡಿ ಬಂದ.

“ಯಾಕಂಗ ಹಂಗೆ ಹೇಳಿದ್ರಿ?”

“ಓದೋಕೆ ಬರುತ್ತಾ ಅಂತ ನಾನೂ ಒಮ್ಮೆ ಕೇಳಬೇಕಿತ್ತು, ಭೂಪತಿ.”

ಅವನ ಕಣ್ಣು ತುಂಬಿತು. “ಅಜ್ಜಿ ಯಾವಾಗ್ಲೂ ಕೇಳ್ತಾರೆ, ಮುತ್ತಾತನ ಪುಸ್ತಕ ಜೋಪಾನವಾಗಿದೆಯಾ ಅಂತ... ಏನ್ ಹೇಳ್ಲಿ?”

“ಕನ್ನಡ ಓದೋ ಹುಡುಗಿಯೊಬ್ಬಳು ಮನೆಗೆ ಸೊಸೆಯಾಗಿ ಬರ್ತಾಳೆ ಅಂತ ಹೇಳಿ.”

ಅವನು ನಂಬಲಾರದೆ ನೋಡಿದ. “ನಿಜವಾ?”

“ನಿಜ.”

“ಬಂದ ಮೇಲೆ ಅಜ್ಜಿ ನಿಮ್ಮನ್ನೂ ಕೇಳ್ತಾರಂಗ...”

ಪ್ರೇರಣಾ ದುಪಟ್ಟಾದ ಅಂಚಿನಿಂದ ಅವನ ಕೆನ್ನೆ ಒರೆಸಿದಳು. ಕೇಳಲಿ. ಆ ಪುಸ್ತಕಗಳು ಯಾರ ಕೈಯಿಂದ ಹೋದವೆಂದು ಅಜ್ಜಿಗಾಗಲಿ, ದಾವಣಗೆರೆಯ ಅಮ್ಮನಿಗಾಗಲಿ, ಈ ಜನ್ಮದಲ್ಲಿ ಯಾರಿಗೂ ಹೇಳುವುದಿಲ್ಲ ಎಂದು ಅವಳು ಆಗಲೇ ನಿರ್ಧರಿಸಿದ್ದಳು.