ನಾಲ್ಕನೇ ಕೋಣೆಯ ತಟ್ಟೆ

ಲಾಕಪ್ಪಿನ ನಾಲ್ಕನೇ ಕೋಣೆಯಲ್ಲಿ ದರ್ಜಿ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆಂಬ ಸುದ್ದಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಕಾಂಪೌಂಡರ್ ಕೈಲಿದ್ದದ್ದನ್ನು ಬಿಟ್ಟು ಎದ್ದ. ಒಂದು ಗಂಟೆಗೆ ಆ ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಚುಚ್ಚಿದ್ದವನು ಅವನೇ.

ಡಾಕ್ಟ್ರಮ್ಮ ಓಡಿ ಬಂದು ಗ್ಲೂಕೋಸ್ ಏರಿಸಿದರು. ಠಾಣೆಯ ಪುಟ್ಟ ಚಿಕಿತ್ಸಾ ಕೋಣೆಯನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದವರು ಅವರೂ ಕಾಂಪೌಂಡರೂ ಇಬ್ಬರೇ. ಹತ್ತು ನಿಮಿಷಕ್ಕೆ ದರ್ಜಿ ಕಣ್ಣು ಬಿಟ್ಟು, "ಊಟ ಬರ್ಲೇ ಇಲ್ಲ" ಎಂದು ತೊದಲಿದ.

"ಸುಳ್ಳು ಸಾರ್," ಎಂದು ರೈಟರ್ ಬಾಗಿಲಲ್ಲಿ ನಿಂತಿದ್ದ ಇನ್ಸ್‌ಪೆಕ್ಟರಿಗೆ ಹೇಳಿದ. ಠಾಣೆಯ ಪುಸ್ತಕಗಳೆಲ್ಲ ಅವನ ಕೈಯಲ್ಲೇ. "ಊಟ ಮುಟ್ಟಿದೆ ಅಂತ ಇವನದೇ ಸಹಿ ಇದೆ."

ಇನ್ಸ್‌ಪೆಕ್ಟರ್ ಕಾಂಪೌಂಡರನತ್ತ ತಿರುಗಿದರು. "ಉಂಡವನು ಬಿದ್ದ ಅಂದ್ರೆ ಔಷಧಿ ಹೆಚ್ಚಾಗಿದೆ. ನಾಳೆಯಿಂದ ನೀವು ಬರೋದು ಬೇಡ."

ಅಳತೆ ಸರಿಯಾಗಿತ್ತೆಂದು ಕಾಂಪೌಂಡರನಿಗೆ ಗೊತ್ತಿತ್ತು. ಆದರೆ ಪುಸ್ತಕದ ಎದುರು ಅವನ ಮಾತನ್ನು ಯಾರು ಕೇಳುತ್ತಾರೆ?

"ಅರ್ಧ ಗಂಟೆ ಕೊಡಿ," ಎಂದರು ಡಾಕ್ಟ್ರಮ್ಮ.

ಅವರು ಮೊದಲು ಹೋದದ್ದು ಮೂರನೇ ಕೋಣೆಗೆ. ಹನ್ನೆರಡೂವರೆಗೆ ಹಿಡಿದು ತಂದಿದ್ದ ಜಗಳಗಂಟನೊಬ್ಬ ಅಲ್ಲಿ ಸರಳು ಹಿಡಿದು ನಿಂತಿದ್ದ.

"ಊಟ ಹೇಗಿತ್ತಪ್ಪಾ?"

"ಅದೂ ಒಂದು ಊಟಾನಾ? ಆಚೆ ಎರಡು ಕೋಣೆಯವರಿಗೆ ಬಾಳೆಹಣ್ಣು, ನನಗೆ ಮಾತ್ರ ಸೌತೆಕಾಯಿ ಹೋಳು. ನಾನೇನು ಪಾಪ ಮಾಡಿದ್ದೆ?"

ಡಾಕ್ಟ್ರಮ್ಮ ನಕ್ಕರು. ನಾಲ್ಕನೇ ಕೋಣೆಯ ಸಡಿಲ ಚಿಲಕವನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ಅಡುಗೆಮನೆಗೆ ಹೋಗಿ ಬೆಳಗಿನ ಪಟ್ಟಿ ತಂದರು. ಆಮೇಲೆ ಎಲ್ಲರನ್ನೂ ಇನ್ಸ್‌ಪೆಕ್ಟರ ಕೋಣೆಗೆ ಕರೆಸಿದರು.

"ಇಲ್ಲಿ ಔಷಧಿ ಹೋಗೋದು ಹೆಸರು ನೋಡಿ, ಊಟ ಹೋಗೋದು ಕೋಣೆಯ ನಂಬರು ನೋಡಿ," ಎಂದು ಶುರು ಮಾಡಿದರು. "ಬೆಳಿಗ್ಗೆ ದರ್ಜಿ ಇದ್ದದ್ದು ಮೂರರಲ್ಲಿ. ಅಡುಗೆಯವರ ಪಟ್ಟಿಯಲ್ಲಿ ಮೂರು ತಟ್ಟೆ, ಮೂರನೆಯದು ಸಕ್ಕರೆ ಕಾಯಿಲೆಯವನಿಗೆ, ಹಣ್ಣಿನ ಬದಲು ಸೌತೆಕಾಯಿ. ನಾಲ್ಕನೇ ಕೋಣೆ ಖಾಲಿ. ಜಗಳಗಂಟ ಬಂದ. ನಾಲ್ಕರ ಚಿಲಕ ಸಡಿಲ, ಅವನನ್ನ ಅಲ್ಲಿಡೋಕಾಗಲ್ಲ. ಸಾಧು ಮನುಷ್ಯ ಅಂತ ದರ್ಜಿಯನ್ನ ಅಲ್ಲಿಗೆ ಕಳಿಸಿ, ಜಗಳಗಂಟನನ್ನ ಮೂರರಲ್ಲಿ ಹಾಕಿದ್ರು. ಪಟ್ಟಿ ಯಾರೂ ತಿದ್ದಲಿಲ್ಲ. ಸೂಜಿ ದರ್ಜಿಯನ್ನ ಹುಡುಕಿಕೊಂಡು ಹೋಯ್ತು, ತಟ್ಟೆ ಹೋಗಲಿಲ್ಲ. ಇನ್ಸುಲಿನ್ ತಗೊಂಡು ಉಣ್ಣದಿದ್ರೆ ಸಕ್ಕರೆ ಇಳಿದು ಮನುಷ್ಯ ಬೀಳ್ತಾನೆ."

"ಹಾಗಾದ್ರೆ ಆ ಸಹಿ?" ಎಂದರು ಇನ್ಸ್‌ಪೆಕ್ಟರ್.

"ದರ್ಜಿಯ ಬಲಗೈ ಕನ್ನಡಿಚೂರು ತಾಗಿ ಕುಯ್ದುಹೋಗಿತ್ತು. ಐದೂ ಬೆರಳು ಸೇರಿಸಿ ಕಾಂಪೌಂಡ್ರು ಬೆಳಿಗ್ಗೆ ಹತ್ತಕ್ಕೇ ಬ್ಯಾಂಡೇಜು ಕಟ್ಟಿದಾರೆ. ಅವನಿಂದ ತೆಗೆದಿಟ್ಟ ಸಾಮಾನಿನ ಪಟ್ಟಿಗೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡವರೂ ರೈಟರೇ. ಮಧ್ಯಾಹ್ನಕ್ಕೆ ಆ ಬ್ಯಾಂಡೇಜಿನ ಬಲಗೈಯಲ್ಲಿ ಇಷ್ಟು ದುಂಡಗೆ ಸಹಿ ಹಾಕಿದ್ನಾ?"

ರೈಟರ್ ಪುಸ್ತಕ ಮುಚ್ಚಿದ. "ಎರಡು ಗಂಟೆಗೆ ತಟ್ಟೆ ವಾಪಸ್ ತಗೊಳ್ಳುವಾಗ ಗೊತ್ತಾಯ್ತು ಸಾರ್. ಅಡುಗೆಮನೆ ಮುಚ್ಚಿತ್ತು. ಒಂದು ಹೊತ್ತಿನ ಊಟ ತಾನೆ ಅಂದ್ಕೊಂಡು ನಾನೇ ಸಹಿ ಹಾಕಿಬಿಟ್ಟೆ."

"ಆ ಒಂದು ಹೊತ್ತಿಗೆ ಜೀವ ಹೋಗ್ತಿತ್ತು," ಎಂದರು ಡಾಕ್ಟ್ರಮ್ಮ. ಇನ್ಸ್‌ಪೆಕ್ಟರ್ ರೈಟರನ ಕೈಯಿಂದ ಪುಸ್ತಕ ತೆಗೆದುಕೊಂಡರು. ಕಾಂಪೌಂಡರನಿಗೆ, "ನಾಳೆ ಎಂದಿನಂತೆ ಬನ್ನಿ" ಎಂದರು.

ಹೊರಗೆ ಬಂದ ಮೇಲೆ ಕಾಂಪೌಂಡರ್ ಕೈ ಮುಗಿದ. "ನನ್ನ ಮಾನ ಉಳಿಸಿದ್ರಿ ಅಮ್ಮಾ."

"ನಿಮ್ಮ ಅಳತೆ ತಪ್ಪಿಲ್ಲ," ಎಂದರು ಅವರು ಮೆಲ್ಲಗೆ. "ಚುಚ್ಚಿದ ಮೇಲೆ ಅವನು ತುತ್ತು ಬಾಯಿಗಿಡೋದನ್ನ ನೋಡಿದ್ರಾ?"

ಕಾಂಪೌಂಡರ್ ನೋಡಿರಲಿಲ್ಲ. ಊಟ ಈಗ ಬರುತ್ತೆ ಎಂದು ಹೇಳಿ ಎದ್ದು ಬಂದಿದ್ದ. ಇಪ್ಪತ್ತು ವರ್ಷವೂ ಅವನು ಮಾಡಿದ್ದು ಅಷ್ಟೇ.

ಸಂಜೆ ಅವನೇ ತಟ್ಟೆ ಹಿಡಿದು ನಾಲ್ಕನೇ ಕೋಣೆಗೆ ಹೋಗಿ ನೆಲದ ಮೇಲೆ ಕುಳಿತ. ದರ್ಜಿಯ ಎಡಗೈಯಿಂದ ಚಮಚ ಎರಡು ಸಲ ಜಾರಿತು. ಕಾಂಪೌಂಡರ್ ಅದನ್ನು ತಾನೇ ಎತ್ತಿಕೊಂಡ.

"ನಿಮಗೆ ಯಾಕಣ್ಣ ತೊಂದರೆ? ಇಲ್ಲಿಟ್ಟು ಹೋಗಿ, ಹೇಗೋ ತಿಂತೀನಿ. ಪುಸ್ತಕದಲ್ಲಿ ಬರ್ಕೊಳ್ಳಿ."

"ಬರೆಯೋದು ಆಮೇಲೆ," ಎಂದ ಕಾಂಪೌಂಡರ್. "ಬಾಯಿ ತೆಗಿ."