ನೀರುಗಂಟಿಯ ಹಗ್ಗ

"ಹಗ್ಗ ಬುಡು!"

ಶಾಲಿನಿ ಕಿರುಚಿದಳು. ಅವಳ ಸೊಂಟಕ್ಕೆ ಬಿಗಿದಿದ್ದ ಹಗ್ಗದ ಇನ್ನೊಂದು ತುದಿ ಚಿಕ್ಕರಾಜುವಿನ ಕೈಯಲ್ಲಿತ್ತು. ತನ್ನೊಂದಿಗೆ ಮದುವೆ ಮಾತಾಗಿ, ಎಲೆಅಡಿಕೆ ಬದಲಾದ ಮೇಲೆ ಹೇಳದೆ ಕೇಳದೆ ಹಾರೋಹಳ್ಳಿಯ ಫ್ಯಾಕ್ಟರಿ ಸೇರಿದವನು... ಈಗ ಬಂದಿದ್ದಾನೆ, ಮಹಾರಾಯ!

"ನೀನು ಇಳೀಬ್ಯಾಡ ಶಾಲೂ. ನಾನಿಳೀತೀನಿ."

"ತೂಬಿನ ಒಳಗೆ ಎಲ್ಲಿ ಕೈ ಹಾಕ್ಬೇಕು, ಗೊತ್ತಾ ನಿಂಗೆ?"

ಅವನು ಹಗ್ಗ ಬಿಡಲಿಲ್ಲ.

ಅಕ್ಕೂರಿನಾಚೆಯ ಆ ಕೆರೆ ಎಷ್ಟೋ ವರ್ಷಗಳ ಮೇಲೆ ತುಂಬಿ, ಏರಿ ಬಿರುಕು ಬಿಟ್ಟಿತ್ತು. ಕಾಲುವೆಗೆ ನೀರು ಬಿಡುವ ಹಳೇ ಕಲ್ಲಿನ ತೂಬಿನ ಬಿರಡೆ ಹೂಳಿನಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಕೀಳದಿದ್ದರೆ ಏರಿ ಕೆಳಗಿನ ಕೇರಿ ಉಳಿಯುವುದಿಲ್ಲ.

ಅರಸರ ಕಾಲದಿಂದಲೂ ಆ ಬಿರಡೆ ಕಿತ್ತು ಊರಿಗೆ ನೀರು ಹಂಚಿದವರು ಶಾಲಿನಿಯ ಮನೆಯವರೇ, ನೀರುಗಂಟಿಗಳು. ಮುಳುಗುವವರ ಹಗ್ಗವನ್ನು ಹೊರಗಿನವರಿಗೆ ಕೊಡುವ ಪದ್ಧತಿಯಿಲ್ಲ. ಅಜ್ಜನ ಹಗ್ಗವನ್ನು ಅಜ್ಜಿ ಹಿಡಿದಿದ್ದಳು, ಅಪ್ಪನದನ್ನು ಅಮ್ಮ. ಈಗ ಅಮ್ಮನಿಲ್ಲ. ಅಪ್ಪ ಸಿದ್ದಯ್ಯನಿಗೆ ಉಬ್ಬಸ, ಕೈ ನಡುಕ.

"ಮನೆಯವ್ರು ಹಿಡಿಯೋ ಹಗ್ಗ ಇದು. ನೀನು ನಂಗೆ ಯಾರು?"

ಕೇಳುತ್ತಲೇ ಅವಳು ಹಗ್ಗವನ್ನು ತನ್ನತ್ತ ಜಗ್ಗಿದಳು.

"ಅವ್ನನ್ನ ಬಯ್ಬ್ಯಾಡ ಮಗಾ..." ಏರಿಯ ಮೇಲೆ ಕೂತಿದ್ದ ಸಿದ್ದಯ್ಯ ಏದುಸಿರು ಬಿಟ್ಟ. "ನಾನೇ ಕಳ್ಸಿದ್ದು. ನನ್ ತಮ್ಮನ್ನ ಈ ತೂಬೇ ನುಂಗ್ತು. ಅಳಿಯನೂ ನೀರಿಗಿಳಿಯೋದು ಬ್ಯಾಡ, ಬ್ಯಾರೆ ಕಡೆ ಮನೆ ಮಾಡಿ ಕರ್ಕೊಂಡೋಗು ಅಂದೆ. ಹೇಳಿದ್ರೆ ನೀನು ಒಪ್ಪಾಕಿಲ್ಲ ಅಂತ ಆಣೆ ಹಾಕಿಸ್ದೆ ಕಣವ್ವ."

ಅಯ್ಯೋ! ಅವನನ್ನು ಶಪಿಸುತ್ತಾ ಎಷ್ಟು ಅತ್ತಿದ್ದಳು!

"ಒಂದ್ ಫೋನಾದ್ರೂ ಮಾಡ್ಬಾರ್ದಿತ್ತಾ?"

"ನಿನ್ ದನಿ ಕೇಳಿದ್ರೆ ಬಾಯ್ಬುಡ್ತಿದ್ದೆ ಶಾಲೂ..."

ಏರಿಯಿಂದ ಮಣ್ಣು ಕುಸಿಯಿತು. ಕೆಳಗೆ ಹೆಂಗಸರು ಕೂಗಿಕೊಂಡರು. ಅಳುವುದಕ್ಕೂ ಹೊತ್ತಿರಲಿಲ್ಲ.

"ಗಟ್ಟಿಯಾಗ್ ಹಿಡ್ಕೋ," ಎಂದಳು. "ಬಿರಡೆ ಕಿತ್ತ ತಕ್ಷಣ ನೀರು ನನ್ನ ಎಳ್ಕೊತೈತೆ. ನೀನು ಅದಕ್ಕಿಂತ ಜೋರಾಗಿ ಎಳೀಬೇಕು."

ಮುಳುಗಿದಳು.

ಒಳಗೆ ಬರೀ ಕತ್ತಲು, ಕೆಸರು. ಬೇರುಗಳನ್ನು ಕಿತ್ತು ಬಿರಡೆಯನ್ನು ಅಲುಗಿಸಿದಳು. ಎದೆ ಒಡೆಯುವಂತಾಯಿತು. ದೇವರೇ, ಅವನ ಮೇಲೆ ಪ್ರಾಣವೇ ಇಟ್ಟಿದ್ದೀನಿ ಅಂತ ಹೇಳಲೇ ಇಲ್ಲವಲ್ಲ! ಬಿರಡೆ ಕಿತ್ತು ಬಂತು. ನೀರು ಅವಳ ಕಾಲನ್ನು ಕಂಡಿಯೊಳಕ್ಕೆ ಸೆಳೆಯಿತು. ಸೊಂಟ ಹರಿಯುವಂತೆ ಹಗ್ಗ ಬಿಗಿಯಿತು...

ಕಣ್ಣು ಬಿಟ್ಟಾಗ ಏರಿಯ ಮೇಲಿದ್ದಳು. ಕಾಲುವೆಯಲ್ಲಿ ನೀರು ಮೊರೆಯುತ್ತಿತ್ತು. ಅಂಗೈ ಚರ್ಮ ಸುಲಿದುಕೊಂಡ ಚಿಕ್ಕರಾಜು ಮಗುವಿನಂತೆ ಬಿಕ್ಕುತ್ತಿದ್ದ.

"ಕೇರಿ...?"

"ಉಳೀತು ಕಣೆ."

"ನಿನ್ ಮೇಲೆ ಪ್ರಾಣ ಇಟ್ಕೊಂಡಿವ್ನಿ ಕಣೋ. ಆದ್ರೂ ಈ ಊರು ಬುಟ್ಟು ಬರಾಕಿಲ್ಲ."

"ಗೊತ್ತು. ಫ್ಯಾಕ್ಟರಿಯಿಂದ ಬಸ್ಸು ಬದಲಾಯಿಸ್ಕೊಂಡಾದ್ರೂ ದಿನಾ ಸಂಜೆ ಮನೆಗೆ ಬತ್ತೀನಿ... ಬರ್ಲಾ?"

ಅವಳು ಅವನ ಅಂಗೈಯನ್ನು ಮೆಲ್ಲಗೆ ಕೆನ್ನೆಗೆ ಒತ್ತಿಕೊಂಡಳು.

"ಬಾ."