ನೆಲದಡಿಯ ಮಂದಿ

ನಿಜಾಮನ ಆಳ್ವಿಕೆ ಹೋಗಿ ಅದು ಐದನೆಯ ಮಾಘ. ಮಸ್ಕಿಯ ಹೊರಗೆ ಹಂಪಣ್ಣನ ಹೊಲದಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಗದ್ದೆಮ್ಮನ ಉಡಿ ತುಂಬಿ ಸೊಂಟ ಜಗ್ಗುತ್ತಿತ್ತು.

ಬದುವಿನ ಬಳಿ ಬಂಡಿ ನಿಂತಿತು. ತಗಡಿನ ತುತ್ತೂರಿಯಲ್ಲಿ ಟೆಂಟ್ ಸಿನಿಮಾದ ಸುದ್ದಿ ಸಾರುತ್ತಿದ್ದವನು ದ್ಯಾವಪ್ಪ. ಪರದೇಶದ ಚಿತ್ರ ಓಡುವಾಗ ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳುವವನೂ ಅವನೇ. ಈ ಚಿತ್ರ ನೂರು ವರ್ಷ ಮುಂದಿನ ಊರಿನದಂತೆ.

"ಅಲ್ಲೂ ಕೂಲಿ ಮಂದಿ ಇರ್ತಾರೇನು?" ಗದ್ದೆಮ್ಮ ತಲೆಯೆತ್ತದೆ ಕೇಳಿದಳು.

ದ್ಯಾವಪ್ಪ ತುತ್ತೂರಿ ಇಳಿಸಿದ. ಯಾವ ಊರಲ್ಲೂ ಯಾರೂ ಹೀಗೆ ಕೇಳಿರಲಿಲ್ಲ.

"ಅದಾರ... ನೆಲದಡಿ. ಅವರು ಗಾಲಿ ತಿರುವಿದ್ರ ಮ್ಯಾಲಿನವರ ಮನ್ಯಾಗ ದೀಪ ಹತ್ತತಾವ. ನಮ್ಮಪ್ಪನೂ ಕೂಲಿಯವ್ನ. ಅವರ ಕಥಿ ಹೇಳುವಾಗ ಅಪ್ಪ ನೆನಪಾಗ್ತಾನ."

ಈಗ ಅವಳು ತಲೆಯೆತ್ತಿದಳು. ಅವನ ಕಣ್ಣುಗಳಲ್ಲಿ ಸುಳ್ಳಿರಲಿಲ್ಲ.

ಮರುದಿನವೂ ಬಂಡಿ ಅಲ್ಲೇ ನಿಂತಿತು. ಅದರ ಮರುದಿನವೂ... ನಾಲ್ಕನೆಯ ದಿನ, ತನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ಸಿನಿಮಾ ನೋಡಿ ಹೇಳುತ್ತೇನೆ ಎಂದಳು.

ಆ ಸಂಜೆ ಅವಳು ಟೆಂಟಿನಲ್ಲಿ ನೆಲದ ಮೇಲೆ ಕೂತಳು. ಹಿಂದೆ ಕುರ್ಚಿಯಲ್ಲಿ ಟೆಂಟ್ ಹಾಕಿದ ಜಾಗದ ಒಡೆಯ ಬಸವಂತರಾಯ. ಪರದೆಯಲ್ಲಿ ನೆಲದಡಿಯ ಕೂಲಿಗಳು ಮೇಲೆದ್ದು ಬಂದಾಗ ದ್ಯಾವಪ್ಪ, ಇವು ಪಾತಾಳದ ದೆವ್ವಗಳು, ಊರು ನುಂಗಲು ಬಂದಿವೆ ಎಂದ. ಕುರ್ಚಿಯವರು ನಕ್ಕರು.

ಗದ್ದೆಮ್ಮ ಎದ್ದು ಹೋದಳು. ನನ್ನ ಮುಂದೊಂದು, ಅವರ ಮುಂದೊಂದು... ಇಂಥವನನ್ನು ನಂಬುವುದು ಹೇಗೆ?

ಬೆಳಿಗ್ಗೆ ಅವನು ಹತ್ತಿಯ ಸಾಲಿಗೇ ಬಂದು ನಿಂತ. ರಾಯರು ಹೇಳಿಸಿದ ಮಾತದು, ಇಲ್ಲದಿದ್ದರೆ ಟೆಂಟ್ ಕೀಳಿಸುತ್ತಿದ್ದರು ಎಂದ.

"ನಮ್ಮಂಥ ದೆವ್ವದ ಕೂಡ ನಿಂದೇನು ಮಾತು? ಹೋಗು."

ಅವಳು ಮುಂದಿನ ಗಿಡಕ್ಕೆ ಸರಿದಳು.

ಅಂದು ಅವಳು ಟೆಂಟಿನ ಕಡೆ ಸುಳಿಯಲಿಲ್ಲ. ಕತ್ತಲಾಗುತ್ತಲೇ ತುತ್ತೂರಿಯ ದನಿ ಗಾಳಿಯಲ್ಲಿ ಅವಳ ಅಂಗಳದತನಕ ಬಂತು.

"ಇವರು ದೆವ್ವ ಅಲ್ಲ. ಹತ್ತಿ ಬಿಡಿಸೋ ಮಂದಿ, ಕಲ್ಲು ಹೊರೋ ಮಂದಿ. ನಮ್ಮ ಮಂದಿ."

ಕೂಗಾಟ ಎದ್ದಿತು. ಅದರ ಮೇಲೆ ಅದೇ ಮಾತು, ಮತ್ತೆ ಮತ್ತೆ, ದನಿ ಒಡೆಯುವತನಕ.

ಮಾರನೆಯ ದಿನ ಟೆಂಟ್ ಲಿಂಗಸುಗೂರಿಗೆ ಹೊರಟಿತು. ಟೆಂಟಿನ ಮಾಲೀಕ ದ್ಯಾವಪ್ಪನನ್ನು ಕೆಲಸದಿಂದ ಬಿಡಿಸಿ ಹೋದ. ಹೊತ್ತೇರುವಾಗ ದ್ಯಾವಪ್ಪ ಹೊಲಕ್ಕೆ ಬಂದು, ಟವೆಲನ್ನು ಉಡಿಯಂತೆ ಕಟ್ಟಿಕೊಂಡು ಅವಳ ಪಕ್ಕದ ಸಾಲು ಹಿಡಿದ. ಗಂಡಸಿನ ಕೈಗೆ ಹತ್ತಿ ಬಗ್ಗುವುದಿಲ್ಲ ಎಂದು ಮುದುಕಿ ಆದಮ್ಮ ಛೇಡಿಸಿದಳು.

ಅವನು ಬಾಯಿ ತೆರೆದ. ಕೂಗಿ ಒಡೆದ ಗಂಟಲಿಂದ ಬರೀ ಗಾಳಿ ಹೊರಟಿತು.

ಗದ್ದೆಮ್ಮ ತಂಬಿಗೆ ಬಗ್ಗಿಸಿದಳು. ಅವನು ಬೊಗಸೆಯೊಡ್ಡಿ ಕುಡಿದ.

"ಒಂದ ಮಾತೈತಿ..." ಎಂದು ಪಿಸುಗುಟ್ಟಿದ.

"ಗೊತ್ತೈತಿ, ಸುಮ್ನಿರು. ಮದುವಿ ಮಾತು ನಮ್ಮವ್ವಗ ನಾನ ಹೇಳ್ತೀನಿ. ನೀ ಬಾಜೂಕ ನಿಂದ್ರು, ಸಾಕು."